ಸಿಡಿಲಕ್ಕನ ಮೂರನೆಯ ಲೇಖಕ

ಬ್ಯಾಡಗಿಯ ತವರಿನಿಂದ ಬಂದಿದ್ದ ಮೆಣಸಿನಕಾಯಿ ಡಬ್ಬಿಯನ್ನು ಇವತ್ತು ಖಾಲಿ ಮಾಡಿದೆ. ಸೀನುತ್ತ ಸೀನುತ್ತ ತಳಕ್ಕೆ ಕೈ ಹಾಕಿದರೆ, ಅವ್ವ ಹಾಸಿದ್ದ ಹಳೆಯ ಹಾಳೆಯಲ್ಲಿ ಸಿಡಿಲಕ್ಕ! ಅವಳನ್ನು ನೋಡಿದ್ದೇ ನನಗೆ ನಾಚಿಕೆಯಾಯಿತು.

ನಿಮಗೆ ಸಿಡಿಲಕ್ಕ ಗೊತ್ತಿರಲಿಕ್ಕಿಲ್ಲ. ನಾನು ಹುಡುಗಿಯಾಗಿದ್ದಾಗ ತಿಂಗಳಿಗೊಮ್ಮೆ ಬರುತ್ತಿದ್ದ ಚಿತ್ರಕಥೆಯ ನಾಯಕಿ. ಆಕಾಶದಲ್ಲಿ ಹಾರುವವಳು, ಬಸ್ಸನ್ನೇ ಎತ್ತುವವಳು. ಮೊದಲು ಬರೆದಾತನ ಕೈಯಲ್ಲಿ ಅವಳು ಯಾರಿಗೂ ಸೊಪ್ಪು ಹಾಕುತ್ತಿರಲಿಲ್ಲ. "ದಾರಿ ಬಿಡಿ" ಎಂದರೆ ಮುಗಿಯಿತು. ಆಮೇಲೆ ಬಂದವನು ಅವಳಿಗೊಬ್ಬ ಪ್ರಿಯಕರನನ್ನು ಗಂಟುಹಾಕಿ ಪುಟಪುಟಕ್ಕೂ ಕಣ್ಣೀರು ಹಾಕಿಸಿದ. ಮೂರನೆಯವನು ಮದುವೆಯನ್ನೇ ಮಾಡಿಬಿಟ್ಟ. ಊರಿಗೆ ಬೆಂಕಿ ಬಿದ್ದರೂ ಅವಳು ಗಂಡನಿಗೆ ರೊಟ್ಟಿ ಬಡಿಸಿ, ಅಪ್ಪಣೆ ಕೇಳಿಯೇ ಹಾರುತ್ತಿದ್ದಳು. ಆ ಲೇಖಕನನ್ನು ನಾನು ಬಾಯಿ ತುಂಬ ಬೈಯುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದ ಹೊಸತು. ಹಾವೇರಿಯ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದೆ, ಬಿ.ಎಡ್. ಮಾಡುವ ಆಸೆಯಿತ್ತು. ಅಷ್ಟರಲ್ಲಿ ರಾಣೆಬೆನ್ನೂರಿನಿಂದ ಕನ್ಯಾ ನೋಡಲು ಬಂದರು. ಕಲಿಯಬೇಕೆಂದು ಅವರೆದುರೇ ಹೇಳುತ್ತೇನೆ ಎಂದು ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಕಣ್ಣು, ನಾಲಿಗೆ ನೆಟ್ಟಗಿವೆಯೇ ಎಂದು ತಿಳಿಯಲು ಹುಡುಗಿಯಿಂದ ಏನಾದರೂ ಓದಿಸುವುದು ನಮ್ಮಲ್ಲಿ ರೂಢಿ. ಅಂದಿನ ಪೇಪರಿನ ಮೇಲೆ ಅವ್ವ ಮೆಣಸಿನಕಾಯಿ ಹರವಿದ್ದಳು. ಗಡಿಬಿಡಿಯಲ್ಲಿ ಕಾಕಾ ಗೋಡೆಯ ಮಾಡದಲ್ಲಿದ್ದ ಸಿಡಿಲಕ್ಕನನ್ನೇ ತಂದು ನನ್ನ ಕೈಗಿಟ್ಟ. ಅದೂ ಮೂರನೆಯವನದು!

"ನಿಮ್ಮ ಇಚ್ಛೆಯೇ ನನ್ನ ಇಚ್ಛೆ" ಎಂದು ಅವಳು ಗಂಡನಿಗೆ ಹೇಳುವ ಪುಟ. ಇಂಪಾಗಿ ಓದಿದೆ. ಎಲ್ಲರೂ ತಲೆದೂಗಿದರು. ಆಗ ಹುಡುಗನ ತಂದೆ ಕೇಳಿದರು:

"ಮುಂದ ಕಲಿಯೂ ಆಸೆ ಐತೇನವಾ? ಇದ್ರ ಹೇಳು. ನಮ್ಮದೇನೂ ಅಡ್ಡಿಲ್ಲ."

ಓದಿದ ಸಾಲು ಇನ್ನೂ ನಾಲಿಗೆಯ ಮೇಲೇ ಇತ್ತು.

"ನಿಮ್ಮ ಇಚ್ಛಾ ರೀ," ಅಂದೆ.

ಮದುವೆ ನಿಕ್ಕಿಯಾಯಿತು, ಬಿ.ಎಡ್. ಮಾತು ಅಲ್ಲಿಗೇ ನಿಂತಿತು. ಯಾರಾದರೂ ಅಡ್ಡಗಟ್ಟಿದ್ದರೆ ಅವರನ್ನು ದೂರಿಕೊಂಡಾದರೂ ಇರಬಹುದಿತ್ತು. ಅವರು ಬಾಗಿಲು ತೆರೆದು ಕೇಳಿದ್ದರು, ನಾನೇ ಎಳೆದು ಮುಚ್ಚಿಕೊಂಡೆ. ಮೂರನೆಯವನನ್ನು ಅಷ್ಟು ಬೈದವಳು ಅವನ ನಾಯಕಿಗಿಂತ ಒಂದು ಕೈ ಮೇಲಾದೆ. ಆ ನಾಚಿಕೆ ಇಷ್ಟು ವರ್ಷವಾದರೂ ಹೋಗಿಲ್ಲ.

ಖಾರ ಮೆತ್ತಿದ ಆ ಹಾಳೆ ಹಿಡಿದುಕೊಂಡೇ ಪಡಸಾಲೆಗೆ ಹೋದೆ. ಅಂದು ಪ್ರಶ್ನೆ ಕೇಳಿದ್ದ ಮಾವ ಪೇಪರ್ ಓದುತ್ತ ಕೂತಿದ್ದರು.

"ಮಾವಾರ, ನನಗ ಕಲಿಯೂ ಆಸೆ ಐತ್ರಿ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಅವತ್ತ ಕೇಳಿದ್ನೆಲ್ಲವಾ. ಯಾಕ ಹೇಳಲಿಲ್ಲ?"

"ನಾಚಿಕಿ ಆತ್ರಿ."

"ಈಗ?"

"ಈಗೂ ಆಗೇತ್ರಿ," ಅಂದೆ. ಆದರೆ ಅಲ್ಲಿಂದ ಕದಲಲಿಲ್ಲ.