ಎದುರಿನವರ ತಟ್ಟೆ ಮೊದಲು

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ತಕ್ಕಡಿ ರಿಪೇರಿ ಮಾಡುವವಳನ್ನು ಎಲ್ಲರೂ ತಕ್ಕಡಿ ಅಕ್ಕ ಎಂದೇ ಕರೆಯುತ್ತಾರೆ. ಮೂವತ್ತೆರಡು ವರ್ಷದಿಂದ ಅದೇ ಗೇಣಗಲದ ಅಂಗಡಿ, ಅದೇ ಅರ, ಅದೇ ಕುಂಟು ಸ್ಟೂಲು. ಶಾಲೆಗೆ ಹೋದದ್ದು ಮೂರನೇ ತರಗತಿಯವರೆಗೆ. ಆದರೆ ತಕ್ಕಡಿಯ ಕೋಲು ಕೂದಲೆಳೆಯಷ್ಟು ವಾಲಿದರೂ ಅವಳ ಕಣ್ಣಿಗೆ ಬೀಳದೆ ಇರದು.

ಕೆಲಸ ಕಲಿಸಿದವರು ಮಾವ. ಅವರದೊಂದು ಕಟ್ಟುನಿಟ್ಟು. ರಿಪೇರಿಯಾದ ತಕ್ಕಡಿಯನ್ನು ಒಂದೇ ತೂಕಕ್ಕೆ ನಂಬಬಾರದು. ಮೊದಲು ಎದುರಿನವರ ತಟ್ಟೆಗೆ ಸರಕು ಹಾಕಿ, ನಮ್ಮ ಕಡೆಗೆ ತೂಕದ ಕಲ್ಲಿಟ್ಟು ತೂಗಬೇಕು. ಆಮೇಲೆ ಅದಲುಬದಲು ಮಾಡಿ ತೂಗಬೇಕು. ಎರಡು ಸಲವೂ ಕೋಲು ನೆಟ್ಟಗೆ ನಿಂತರೆ ಮಾತ್ರ ಗಿರಾಕಿಯ ಕೈಗೆ. ಈ ಅಭ್ಯಾಸ ಅಕ್ಕನ ಕೈಗಷ್ಟೇ ಅಲ್ಲ, ನಾಲಿಗೆಗೂ ಹತ್ತಿಬಿಟ್ಟಿತ್ತು.

ಒಂದು ಬೆಳಿಗ್ಗೆ ಸೊಸೆ ಪೇಪರು ಹಿಡಿದುಕೊಂಡು ಅಂಗಡಿಗೇ ಬಂದಳು. ಸುಳ್ಳು ತೂಕ ತಡೆಯಲು ಹೊಸ ಕಾನೂನು ಬರುತ್ತದೆಯಂತೆ. ಇನ್ನು ಮೇಲೆ ಹತ್ತನೇ ತರಗತಿ ಪಾಸಾದವರು ಮಾತ್ರ ರಿಪೇರಿಗೆ ತಕ್ಕಡಿ ಮುಟ್ಟಬೇಕಂತೆ.

"ಹಾಗಾದ್ರೆ ನನ್ನ ಕಥೆ ಮುಗೀತು ಅನ್ನು."

"ಇದಿನ್ನೂ ಮಸೂದೆ ಅತ್ತೆ, ಕಾನೂನಾಗಿಲ್ಲ. ಶಾಸಕರ ಸಮಿತಿ ಕೂತು ಜನರ ಮಾತು ಕೇಳುತ್ತಂತೆ. ಯಾರು ಬೇಕಾದ್ರೂ ಬಂದು ಹೇಳಬಹುದು ಅಂತ ಹಾಕಿದಾರೆ."

"ಯಾರು ಬೇಕಾದ್ರೂ ಅಂದ್ರೆ, ನಾನೂನಾ?"

"ನಿಮ್ಮನ್ನ ಬಿಟ್ಟು ಅಂತೇನೂ ಬರೆದಿಲ್ಲ."

ಸೊಸೆಯೇ ಕಾಗದ ಬರೆದು ಹಾಕಿದಳು. ಮೂರು ವಾರಕ್ಕೆ ಕರೆ ಬಂತು.

ದೊಡ್ಡ ಕೋಣೆ. ಉದ್ದನೆಯ ಮೇಜಿನ ಆಚೆ ಏಳು ಜನ ಶಾಸಕರು, ನಡುವೆ ಅಧ್ಯಕ್ಷೆ. ಒಂದು ಮೂಲೆಯಲ್ಲಿ ತೆಳ್ಳನೆಯ ಮನುಷ್ಯರೊಬ್ಬರು ಐದಾರು ಪೆನ್ಸಿಲ್ ಸಾಲಾಗಿಟ್ಟುಕೊಂಡು ಆಡಿದ ಮಾತನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಒಬ್ಬೊಬ್ಬರಿಗೆ ಐದು ನಿಮಿಷ, ಆಮೇಲೆ ಗಂಟೆ.

ಅಕ್ಕ ಮೈಕಿನ ಮುಂದೆ ಕೂತಳು. "ಈ ಕಾನೂನು ಬರಲೇಬೇಕು" ಎಂದು ಶುರುಮಾಡಿದಳು. ಹಿಂದೆ ಕೂತಿದ್ದ ಸೊಸೆ ಬೆಂಚಿನ ತುದಿಗೆ ಸರಿದಳು. ತಟ್ಟೆಯ ತಳಕ್ಕೆ ಸೀಸ ಅಂಟಿಸುವವರು, ಕೋಲಿನ ಒಂದು ತುದಿ ಉಜ್ಜಿ ಸವೆಸುವವರು, ಎಲ್ಲರ ಕೈಚಳಕವನ್ನೂ ಅಕ್ಕ ಬಿಚ್ಚಿ ಹೇಳಿದಳು. "ಕೈಯಿಂದ ಕಲಿತವರಲ್ಲೂ ಕಳ್ಳರಿದಾರೆ ಸ್ವಾಮಿ. ನಮ್ಮ ಮಾವನ ತಮ್ಮನೇ ಒಬ್ಬ." ಎಲ್ಲರೂ ನಕ್ಕರು. "ಇನ್ನು ಈಕಡೆ ತಟ್ಟೆಗೆ ಬರ್ತೀನಿ" ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಮೇಜಿನ ಕೊನೆಯಲ್ಲಿದ್ದ ಗುಮಾಸ್ತ "ಮಸೂದೆಗೆ ಬೆಂಬಲ" ಎಂದು ಜೋರಾಗಿ ಹೇಳಿ ಬರೆದುಕೊಂಡು ಮುಂದಿನವರನ್ನು ಕರೆದ.

ಅಕ್ಕ ಹಿಂದಿನ ಬೆಂಚಿಗೆ ಬಂದು ಕೂತಳು.

"ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಲ್ಲ ಅತ್ತೆ!" ಸೊಸೆ ಪಿಸುಗುಟ್ಟಿದಳು.

"ಅವರ ತಟ್ಟೆ ತುಂಬದೆ ನಮ್ಮದು ತುಂಬೋದು ಹೇಗೆ ಕಣೇ? ಬಾಯಿಗೆ ಹಾಗೇ ಬಂತು."

ಚಹಾದ ಹೊತ್ತಾಯಿತು. ಶಾಸಕರು ಕುರ್ಚಿ ಹಿಂದೆ ಸರಿಸಿದರು. ಆಗ ಪೆನ್ಸಿಲ್ಲಿನವರು ಎದ್ದುನಿಂತರು.

"ಮೇಡಂ, ಒಂದು ಮಾತು. ಆ ಅಮ್ಮನದನ್ನ ಬೆಂಬಲ ಅಂತ ಬರ್ಕೊಂಡಿದಾರೆ. ನನ್ನ ಪುಸ್ತಕದಲ್ಲಿ 'ಈಕಡೆ ತಟ್ಟೆಗೆ ಬರ್ತೀನಿ' ಅನ್ನೋಲ್ಲಿಗೆ ಮಾತು ನಿಂತಿದೆ. ಅವರ ಮಾತು ಇನ್ನೂ ಮುಗಿದಿಲ್ಲ."

ಅಧ್ಯಕ್ಷೆ ಕನ್ನಡಕದ ಮೇಲಿಂದ ಹಿಂದಿನ ಬೆಂಚಿನತ್ತ ನೋಡಿದರು. ಗಂಟೆಯನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು. "ಬನ್ನಿ ಅಕ್ಕಾ. ಆ ತಟ್ಟೇಲಿ ಏನಿದೆ ಅಂತ ಹೇಳಿ. ಚಹಾ ಎಲ್ಲಿಗೂ ಓಡಿಹೋಗಲ್ಲ."

ಅಕ್ಕ ಎದ್ದು ಬಂದಳು. "ಪರೀಕ್ಷೆ ಬೇಡ ಅನ್ನಲ್ಲಮ್ಮ. ನನ್ನ ಮುಂದೆ ಕಾಗದ ಇಡಬೇಡಿ, ಕೆಟ್ಟ ತಕ್ಕಡಿ ಇಡಿ. ಸರಿ ಮಾಡಕ್ಕಾಗದಿದ್ರೆ ಅರ ಕೆಳಗಿಟ್ಟು ಮನೆಗೆ ಹೋಗ್ತೀನಿ."

"ಹತ್ತನೇ ತರಗತಿ ಪಾಸಾದವರಿಗೂ ಅದೇ ಪರೀಕ್ಷೆನಾ?" ಶಾಸಕರೊಬ್ಬರು ಕೆಣಕಿದರು.

"ಅವರಿಗೂ ಅದೇ ಸ್ವಾಮಿ. ಅದಲುಬದಲು ಮಾಡಿದ್ರೂ ಒಂದೇ ಇರ್ಬೇಕಲ್ವಾ?"

ಎಂಟು ತಿಂಗಳಿಗೆ ಕಾನೂನು ಬಂತು. ಹತ್ತನೇ ತರಗತಿಯ ಮಾತು ಅದರಲ್ಲಿರಲಿಲ್ಲ, ಎಲ್ಲರಿಗೂ ಕೈಕೆಲಸದ ಪರೀಕ್ಷೆ ಎಂದಿತ್ತು. ಪರೀಕ್ಷೆಯ ದಿನ ಅಧಿಕಾರಿ ಒಂದು ತೂಕ ನೋಡಿ "ಸಾಕಮ್ಮ, ಸರಿ ಇದೆ" ಎಂದರೆ ಅಕ್ಕ ಕೇಳಬೇಕಲ್ಲ! "ಸಾಕಾಗಲ್ಲ, ಆಕಡೆದು ಈಕಡೆ ಹಾಕಿ ನೋಡಿ" ಎಂದು ಅವರ ಕೈಯಲ್ಲೇ ಮಾಡಿಸಿದಳು.

ಪರವಾನಗಿ ಕೈಗೆ ಬಂದ ಮರುದಿನ ಅತ್ತೆ ಸೊಸೆ ಇಬ್ಬರೂ ಪೆನ್ಸಿಲ್ಲಿನವರನ್ನು ಹುಡುಕಿಕೊಂಡು ಹೋದರು. ಅವರು ನಾಚಿಕೊಂಡರು. "ನಾನೇನು ಮಾಡ್ದೆ ಅಮ್ಮ, ಬರ್ಕೊಳ್ಳೋದೇ ನನ್ನ ಕೆಲಸ" ಎಂದು ಹಳೆಯ ಪುಸ್ತಕ ತೆಗೆದು ತೋರಿಸಿದರು. ಗಂಟೆ ಹೊಡೆದಲ್ಲಿ ಒಂದು ಗೆರೆ ಎಳೆದಿತ್ತು. ಗೆರೆಯ ಕೆಳಗೆ ಮಾತ್ರ ಅಕ್ಷರ ಸಣ್ಣದಾಗಿ, ಒತ್ತೊತ್ತಾಗಿತ್ತು.

"ಇದ್ಯಾಕೆ ಹೀಗೆ?" ಅಕ್ಕ ಕೇಳಿದಳು.

"ಗಂಟೆ ಹೊಡೆದಾಗ ನಿಮ್ಮ ಮುಖ ನೋಡ್ದೆ. ಇನ್ನೂ ಇದೆ ಅನ್ನಿಸ್ತು. ಅರ್ಧ ಪುಟ ಖಾಲಿ ಬಿಟ್ಟು ಮುಂದಿನವರದ್ದು ಬರೆದೆ. ನೀವು ಹೇಳಿದ್ದನ್ನೆಲ್ಲ ಆಮೇಲೆ ಅದರಲ್ಲೇ ಹಿಡಿಸಬೇಕಾಯ್ತು."

ಅಕ್ಕನಿಗೆ ಆ ಒತ್ತೊತ್ತು ಬರಹ ಓದಲಾಗಲಿಲ್ಲ. ಆ ಅರ್ಧ ಪುಟದ ಮೇಲೆ ಅಂಗೈ ಇಟ್ಟಳು. ಕಣ್ಣು ತುಂಬಿಬಂತು.

ಸೊಸೆಗೆ ಅದನ್ನು ನೋಡಲಾಗಲಿಲ್ಲ. "ಅರ್ಧ ಪುಟ ಸಾಕಾಯ್ತಾ ಸಾರ್?" ಎಂದಳು. "ಮನೇಲಾಗಿದ್ರೆ ಪುಸ್ತಕವೇ ಸಾಲ್ತಿರ್ಲಿಲ್ಲ."

"ನಡಿಯೇ ಸಾಕು" ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಅಂಗಡಿ ತೆಗೀಬೇಕು."