ಪೂಜೆಗೆ ಮುಂಚಿನ ಮಾತ್ರೆ

ನಮ್ಮತ್ತೆ ಪೂಜೆಯಾಗದೆ ಬಾಯಿಗೆ ಒಂದು ಅಗುಳು ಹಾಕಿದವರಲ್ಲ. ಎಪ್ಪತ್ತರ ದಶಕದ ಕೊನೆ. ತುರುವೇಕೆರೆ ಕಡೆಯ ನಮ್ಮ ಮನೆಯ ಅಟ್ಟದ ತುಂಬ ತೆಂಗಿನಕಾಯಿ. ವರ್ಷವಿಡೀ ಒಣಗಿದ ಕಾಯಿಯ ಚಿಪ್ಪು ಕೆತ್ತಿ, ಉಂಡೆ ಕೊಬ್ಬರಿಯನ್ನು ಒಡೆಯದಂತೆ ಬಿಡಿಸುವುದು ಅತ್ತೆಯದೇ ಕೆಲಸ. ನಾನು ಕತ್ತಿ ಮುಟ್ಟಿದರೆ ಕಣ್ಣು ಕೆಂಪಗೆ ಮಾಡುತ್ತಿದ್ದರು.

ಅವರ ಭುಜದ ನೋವಿಗೆ ಮಾಯಸಂದ್ರದ ಡಾಕ್ಟರು ಬಿಳಿ ಮಾತ್ರೆ ಬರೆದುಕೊಟ್ಟರು. ಊಟವಾದ ಮೇಲೆ, ಒಂದು ವಾರ ಮಾತ್ರ ಎಂದರು. ವಾರ ಹೋಗಿ ವರ್ಷವಾಯಿತು. ಮಾವ ಸಂತೆಯಿಂದ ಎಲೆ ಅಡಿಕೆ ಜೊತೆ ಅದನ್ನೂ ತರುತ್ತಿದ್ದರು.

ಬೆಳಗ್ಗೆ ಎದ್ದರೆ ಲಿಂಗಕ್ಕೆ ನೀರೆರೆಯಲೂ ಕೈ ಏಳುತ್ತಿರಲಿಲ್ಲ. ಹಾಗಾಗಿ ಮಾತ್ರೆ ಮೊದಲು, ಆಮೇಲೆ ಪೂಜೆ, ಊಟ ಹೊತ್ತೇರಿದ ಮೇಲೆ. ಏನಾದರೂ ತಿಂದು ನುಂಗಿ ಅತ್ತೆ ಎಂದು ನಾನು ಹೇಳಿದರೆ, "ಮಾತ್ರೆ ಏನು ಊಟವೇನೇ? ಔಷಧಿ ಕಣೇ. ಶಿವ ಏನೂ ಅನ್ಕಳಲ್ಲ ಬುಡು" ಎನ್ನುತ್ತಿದ್ದರು.

ಶಿವ ಏನೂ ಅಂದುಕೊಳ್ಳಲಿಲ್ಲ. ಹೊಟ್ಟೆ ಸುಮ್ಮನಿರಲಿಲ್ಲ. ಉರಿಗೆ ಮಜ್ಜಿಗೆ ಕುಡಿದರು. ಮಲ ಕಪ್ಪಗೆ ಹೋಗುತ್ತಿದೆ ಎಂದು ಒಮ್ಮೆ ನನ್ನ ಹತ್ತಿರ ಹೇಳಿ, "ರಾಗಿ ಉಣ್ಣೋರಿಗೆ ಇನ್ನೇನು ಬೆಳ್ಳಗಿರ್ತದಾ?" ಎಂದು ತಾವೇ ನಕ್ಕರು. ನಾನೂ ನಕ್ಕೆ.

ಒಂದು ಬೆಳಗ್ಗೆ ಅಟ್ಟದ ಏಣಿಯ ಬುಡದಲ್ಲಿ ರಕ್ತ ಕಾರಿಕೊಂಡು ಬಿದ್ದರು. ಬಾಡಿಗೆ ಕಾರಿನಲ್ಲಿ ತಿಪಟೂರಿಗೆ ಒಯ್ದೆವು. ಅಲ್ಲಿನ ಡಾಕ್ಟರು ಎಲ್ಲ ಕೇಳಿಸಿಕೊಂಡು, "ಖಾಲಿ ಹೊಟ್ಟೆಗೆ ಈ ಮಾತ್ರೆ ನುಂಗಿ ನುಂಗಿ ಒಳಗೆ ಹುಣ್ಣಾಗಿದೆ ಕಣ್ರೀ. ಕಪ್ಪಗೆ ಹೋಗಿದ್ದು ರಾಗಿಯಲ್ಲ, ರಕ್ತ" ಎಂದರು. ಸಂಜೆಗೆ ಅತ್ತೆ ಹೋದರು.

ನನಗೆ ಅಳು ಬರಲಿಲ್ಲ. ಅಳುತ್ತ ಬಂದವರಿಗೆಲ್ಲ ನೀರು ಕೊಟ್ಟುಕೊಂಡು ಓಡಾಡಿದೆ. ಒಳಗೆಲ್ಲ ಮರಗಟ್ಟಿತ್ತು.

ಒಣಗಿದ ಕಾಯಿಯನ್ನು ಹಾಗೇ ಬಿಡುವಂತಿರಲಿಲ್ಲ. ಕೆಲವು ವಾರ ಕಳೆದು ನಾನೇ ಕತ್ತಿ ಹಿಡಿದೆ. ನನ್ನ ಭುಜವೂ ಹಿಡಿದುಕೊಂಡಿತು. ಗೂಡಿನಲ್ಲಿ ಉಳಿದಿದ್ದ ಅದೇ ಮಾತ್ರೆಗೆ ಕೈ ಹಾಕಿದೆ. ಹಾಕುವಾಗ ಭಯವೂ ಆಗಲಿಲ್ಲ. ಮಾವ ಆಗಷ್ಟೇ ಊಟಕ್ಕೆ ಕೂತಿದ್ದರು. ಗಂಡಸರು ಉಂಡೆದ್ದ ಮೇಲೆ ಹೆಂಗಸರು ಉಣ್ಣುವ ಮನೆ ನಮ್ಮದು. ಅವರು ಇನ್ನೂ ಮುಟ್ಟದ ಮುದ್ದೆಯ ತಟ್ಟೆಯನ್ನು ನನ್ನ ಕಡೆ ತಳ್ಳಿ, "ಮೊದ್ಲು ಉಣ್ಣವ್ವ" ಎಂದರು.

ನಾನು ಉಂಡು ಮುಗಿಸುವವರೆಗೂ ಹಸಿದುಕೊಂಡು ಎದುರಿಗೇ ಕೂತಿದ್ದರು. ಈ ಮಾತನ್ನು ಅತ್ತೆಗೆ ಒಂದು ದಿನವಾದರೂ ಹೇಳಬಾರದಿತ್ತೇ ಎಂದು ನನಗೆ ಸಿಟ್ಟು ಬಂತು. ಅತ್ತೆ ಸತ್ತ ಮೇಲೆ ನನಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು.