ಲಕ್ಷ್ಮಿಗೆ ಬಿಟ್ಟ ಹಾಡು

ಕಂಪ್ಯೂಟರಿನ ಕೆಲಸದಲ್ಲಿ ನಾನು ಬಾಯಿ ಹಾಕಬಾರದಿತ್ತು. ಅಕ್ಷರ ಕೂಡಿಸಿ ಓದುವುದರಲ್ಲೇ ನನಗೆ ಹೊತ್ತು ಹೋಗುತ್ತದೆ. ಆದರೆ ಮನೆಯಲ್ಲಿ ಏನೇ ನಡೆದರೂ ಹಿರಿಯಳು ಒಂದು ಮಾತು ಹೇಳಬೇಕು. ಇಲ್ಲವಾದರೆ ಮುದುಕಿ ಇದ್ದಾಳೋ ಹೋದಳೋ ಎಂದು ಬಂದು ಮುಟ್ಟಿ ನೋಡುತ್ತಾರೆ.

ಶಿಕಾರಿಪುರದ ನಮ್ಮ ಮನೆಯ ಕಂಪ್ಯೂಟರು ಬಾಯಿ ತೆರೆಯುವಷ್ಟರಲ್ಲಿ ಎರಡು ಲೋಟ ಚಹಾ ಮುಗಿಯುತ್ತಿತ್ತು. ರಿಪೇರಿಯ ಇರ್ಫಾನ್ ಸಾಹೇಬರು ನೋಡಿ, ಒಳಗಿನದನ್ನೆಲ್ಲ ಅಳಿಸಿ ಹೊಸ ಸಿಸ್ಟಂ ಹಾಕಬೇಕು, ಬೇಕಾದದ್ದನ್ನು ಮೊದಲು ಪೆನ್ ಡ್ರೈವಿಗೆ ತೆಗೆದಿಡಿ ಎಂದರು.

ಬೇಕಾದದ್ದೆಂದರೆ ನನ್ನ ಮದುವೆ ಹಾಡುಗಳು. ಆರತಿ ಹಾಡು ಒಂದು, ಉಳಿದ ಹನ್ನೊಂದೂ ಬೀಗರನ್ನು ಜರೆಯುವಂಥವು. ನಾನು ಮರೆಯುತ್ತ ಬಂದೆನೆಂದು ಸೊಸೆ ಶಾರದೆ ನನ್ನಿಂದ ಹಾಡಿಸಿ ಅವನ್ನು ಕಂಪ್ಯೂಟರಿನಲ್ಲಿ ತುಂಬಿಸಿದ್ದಳು. ಆ ಧೈರ್ಯದಲ್ಲಿ ನಾನು ಉಳಿದದ್ದನ್ನೂ ಮರೆತೆ. ಮುಂದಿನ ವಾರವೇ ಸೊರಬದಲ್ಲಿ ತಂಗಿಯ ಮೊಮ್ಮಗಳ ಮದುವೆ. ಹಾಡುವುದು ನಮ್ಮ ಪಾಲಿಗೆ ಬಂದಿತ್ತು.

ಕಾಪಿ ಮಾಡಬಹುದಿತ್ತಂತೆ, ಶಾರದೆ ಕಟ್ ಮಾಡಿ ಒಂದೊಂದನ್ನೇ ಪೆನ್ ಡ್ರೈವಿಗೆ ಸಾಗಿಸಿದಳು. ಕಂಪ್ಯೂಟರು ಬರಿದಾಗುತ್ತ ಬಂತು. ನನಗೆ ತಡೆಯಲಿಲ್ಲ. ಅಕ್ಕಿ ಡಬ್ಬದ ತಳವನ್ನೂ ನಾವು ಬಳಿಯುವುದಿಲ್ಲ. ಲಕ್ಷ್ಮಿಗೆಂದು ಒಂದು ಹಿಡಿ ಬಿಡುತ್ತೇವೆ.

“ಪೂರಾ ಬರಿದು ಮಾಡಬ್ಯಾಡ್ವೆ, ಒಂದಾದ್ರೂ ಬಿಡು,” ಅಂದೆ.

“ಯಾವ್ದು ಬಿಡ್ಲಿ ಅತ್ತೆ?”

“ಲಕ್ಷ್ಮಿಗೆ ಬೈಗುಳ ಬಿಡ್ತಾರೇನೆ? ಆರತಿ ಹಾಡು ಬಿಡು.”

ಡಿಗ್ರಿ ಓದಿದವಳು, ಬಿಟ್ಟಳು. ಅವಳ ತವರಿನಲ್ಲೂ ಡಬ್ಬ ಬಳಿಯುವುದಿಲ್ಲವಂತೆ.

ಎಲ್ಲ ತೆಗೆದುಕೊಂಡಿರಾ ಎಂದು ಸಾಹೇಬರು ಎರಡು ಸಲ ಕೇಳಿದರು. ಎರಡು ಸಲವೂ ಹೂಂ ಎಂದವಳು ನಾನೇ. ಸಂಜೆಗೆ ಕಂಪ್ಯೂಟರು ತೊಳೆದಿಟ್ಟ ತಂಬಿಗೆಯ ಹಾಗೆ ಹೊಳೆಯಿತು. ಆರತಿ ಹಾಡು ತೊಳೆದ ನೀರಿನ ಜೊತೆ ಹೋಗಿತ್ತು.

ಸೊರಬದಲ್ಲಿ ಗಂಡಿನ ತಾಯಿಯ ಮೂಗು ಬದನೆಕಾಯಿ, ನಡಿಗೆ ಎಮ್ಮೆಯದು ಎಂದು ಹನ್ನೊಂದೂ ಹಾಡಿ ಮುಗಿಸಿದೆವು. ಆಮೇಲೆ ಆರತಿ ತಟ್ಟೆ ಬಂತು. ಎಲ್ಲರೂ ನನ್ನ ಮುಖ ನೋಡಿದರು. ಹಾಡಿಲ್ಲದೆ ಆರತಿ ಎತ್ತಿದರೆ ಹುಡುಗಿಗೆ ಒಳ್ಳೆಯದಲ್ಲವೆಂದು ತಂಗಿ ಅಳಲು ಕೂತಳು. ನಾನು ನಡೆದದ್ದನ್ನು ನಡೆದಂತೆ ಹೇಳಿದೆ. ಕಂಪ್ಯೂಟರಿನಲ್ಲಿ ಲಕ್ಷ್ಮಿಗೆ ಪಾಲು ಬಿಟ್ಟವಳೆಂದು ಮದುವೆ ಮನೆ ಬಿದ್ದು ಬಿದ್ದು ನಕ್ಕಿತು.

ಆಗ ಅದೇ ಬದನೆಕಾಯಿ ಮೂಗಿನ ಬೀಗತಿ ಸೆರಗು ಸಿಕ್ಕಿಸಿ ನಿಂತು ಹಾಡಿದಳು. ನನ್ನದೇ ಹಾಡು, ನಾನು ಎಂದೋ ಬಿಟ್ಟುಬಿಟ್ಟಿದ್ದ ಒಂದು ನುಡಿಯೂ ಇತ್ತು.

“ಕುಬಟೂರಿನ ಮದ್ವೇಲಿ ನೀವು ಹಾಡಿದ್ರಲ್ರೀ, ಅಲ್ಲೇ ಕಲ್ತಿದ್ದು,” ಎಂದಳು. “ಇವತ್ತು ಮೂಗಿನ ಹಾಡೂ ಕಲ್ತೀನಿ. ನಿಮ್ಮನೆ ಮದ್ವೆ ಬರ್ಲಿ.”

ಬೀಗತಿ ಹಾಡಿದ ಆರತಿ ಹಾಡನ್ನು ಶಾರದೆ ಫೋನಿನಲ್ಲಿ ತುಂಬಿಕೊಂಡಿದ್ದಳು. ಮನೆಗೆ ಬಂದು, ಎಲ್ಲಾದರೂ ಇನ್ನೊಂದು ಕಾಪಿ ಇಡಲೇ ಎಂದು ಕೇಳಿದಳು. ಬೇಡ ಎಂದೆ. ಬೀಗತಿಗೆ ಇನ್ನೂ ಐವತ್ತು, ಗಟ್ಟಿಮುಟ್ಟಾಗಿದ್ದಾಳೆ.